ಚಕ್ರದ ಮನೆಯೂ ಕುದುರೆಯ ಬಂಡಿಯೂ

ಪ್ರವಾಸವೆಂದರೆ ಮನೆಯನ್ನು ಬಿಟ್ಟು ಹೊರಡುವುದು ಎಂದೇ ನಾನು ಬಹುಕಾಲ ತಿಳಿದಿದ್ದೆನು. ಮನೆಯನ್ನೇ ಜೊತೆಗೆ ಕೊಂಡೊಯ್ಯುವ ಪ್ರವಾಸವೂ ಉಂಟೆಂಬುದು ಅಮೆರಿಕಕ್ಕೆ ಹೋದ ಮೇಲೆ ತಿಳಿಯಿತು. ನನ್ನ ಮಗಳ ಸಂಸಾರವು ಆ ದೇಶದ ಪೂರ್ವಭಾಗದಲ್ಲಿರುವ ನ್ಯೂ ಜರ್ಸಿ ಸಂಸ್ಥಾನದಲ್ಲಿದೆ. 2019ರ ಜೂನ್ ತಿಂಗಳ ಒಂದು ಮುಂಜಾನೆ ಅಳಿಯಂದಿರು ದೊಡ್ಡದೊಂದು ಬಿಳಿಯ ವಾಹನವನ್ನು ಬಾಡಿಗೆಗೆ ತಂದು ಬಾಗಿಲ ಮುಂದೆ ನಿಲ್ಲಿಸಿದರು. ನಮ್ಮೂರಿನ ಬಸ್ಸಿಗಿಂತ ತುಸು ಚಿಕ್ಕದು. ಆದರೆ ಒಳಗೆ ಕಾಲಿಟ್ಟರೆ ಅದು ಬಸ್ಸಲ್ಲ, ಮನೆ.

ಅಲ್ಲಿನವರು ಇದನ್ನು ‘ಆರ್.ವಿ.’ ಎಂಬ ಎರಡು ಅಕ್ಷರಗಳಿಂದ ಕರೆಯುತ್ತಾರೆ. ವಿಹಾರದ ವಾಹನವೆಂದು ಅದರ ಅರ್ಥ. ಅದರೊಳಗೆ ಮಲಗಲು ಹಾಸಿಗೆಗಳಿವೆ, ಉಣ್ಣಲು ಮೇಜು ಇದೆ, ಗ್ಯಾಸಿನ ಒಲೆ, ತಂಪು ಪೆಟ್ಟಿಗೆ, ಸ್ನಾನದ ಕೋಣೆ, ಶೌಚಾಲಯ ಎಲ್ಲವೂ ಇವೆ. ನೆಲದ ಕೆಳಗೆ ಮೂರು ತೊಟ್ಟಿಗಳಿವೆ: ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ತೊಳೆದ ನೀರು, ಮತ್ತೊಂದರಲ್ಲಿ ಶೌಚದ ನೀರು. ಇಂತಹ ವಾಹನಗಳು ತಂಗುವುದಕ್ಕಾಗಿಯೇ ಊರಿನ ಹೊರಗೆ ಶಿಬಿರದ ಬಯಲುಗಳಿರುತ್ತವೆ. ಅಲ್ಲಿ ಗೊತ್ತಾದ ಜಾಗದಲ್ಲಿ ವಾಹನವನ್ನು ನಿಲ್ಲಿಸಿ, ವಿದ್ಯುತ್ತಿನ ತಂತಿಯನ್ನೂ ನೀರಿನ ಕೊಳವೆಯನ್ನೂ ಕೊಳಚೆಯ ಕೊಳವೆಯನ್ನೂ ಜೋಡಿಸಿದರೆ ಸಾಕು. ಚಕ್ರದ ಮೇಲಿನ ಮನೆಯು ನೆಲದ ಮೇಲಿನ ಮನೆಯಂತೆಯೇ ಆಗಿಬಿಡುತ್ತದೆ. ಪಾತ್ರೆ ಪಡಗಗಳೊಡನೆ, ಅಕ್ಕಿ ಬೇಳೆಗಳೊಡನೆ, ನಾವು ಪಶ್ಚಿಮಕ್ಕೆ ಹೊರಟೆವು.

ಮೂರು ಗಂಟೆಗಳ ಪ್ರಯಾಣದ ನಂತರ ನಾವು ಪೆನ್ಸಿಲ್ವೇನಿಯಾ ಸಂಸ್ಥಾನದ ಲ್ಯಾಂಕಾಸ್ಟರ್ ಎಂಬ ಜಿಲ್ಲೆಯನ್ನು ಹೊಕ್ಕೆವು. ಹೆದ್ದಾರಿಯನ್ನು ಬಿಟ್ಟು ಒಳದಾರಿಗೆ ತಿರುಗಿದೊಡನೆ ನೋಟವೇ ಬದಲಾಯಿತು. ಏರಿಳಿಯುವ ನೆಲ, ಅದರ ಮೇಲೆ ಮುಸುಕಿನ ಜೋಳದ ಹೊಲಗಳು, ಹುಲ್ಲುಗಾವಲುಗಳು, ಎತ್ತರವಾದ ಧಾನ್ಯದ ಗೋಪುರಗಳು. ಬಿಳಿಯ ಮನೆಗಳ ಹಿಂದೆ ಉದ್ದನೆಯ ಹಗ್ಗಗಳ ಮೇಲೆ ನೀಲಿ, ನೇರಳೆ, ಹಸುರು, ಕಪ್ಪು ಬಟ್ಟೆಗಳು ಗಾಳಿಗೆ ಆಡುತ್ತಿದ್ದವು. ಇದ್ದಕ್ಕಿದ್ದಂತೆ ನಮ್ಮ ವಾಹನವು ನಿಧಾನವಾಯಿತು. ಮುಂದೆ ಬೂದುಬಣ್ಣದ ಚೌಕ ಬಂಡಿಯೊಂದನ್ನು ಒಂಟಿ ಕುದುರೆಯು ಎಳೆದುಕೊಂಡು ಹೋಗುತ್ತಿತ್ತು. ಬಂಡಿಯ ಬೆನ್ನಿಗೆ ಕಿತ್ತಳೆ ಬಣ್ಣದ ಮುಕ್ಕೋನದ ಫಲಕ. ಇದು ನಿಧಾನವಾಗಿ ಹೋಗುವ ವಾಹನವೆಂದು ಹಿಂದಿನವರಿಗೆ ಅದು ಎಚ್ಚರಿಕೆ. ಹಿಂಬದಿಯ ಕಿಂಡಿಯಲ್ಲಿ ಇಬ್ಬರು ಮಕ್ಕಳ ಮುಖಗಳು ಕಾಣಿಸಿದವು. ಅವರು ನಮ್ಮನ್ನು ನೋಡಿದರು, ನಾವು ಅವರನ್ನು ನೋಡಿದೆವು. ನನ್ನ ಮೊಮ್ಮಗನು ಚಿತ್ರ ತೆಗೆಯಲೆಂದು ಫೋನನ್ನು ಎತ್ತಿದನು. ಮಗಳು ಅವನ ಕೈ ಹಿಡಿದು, “ಬೇಡ ಕಣೋ, ತಮ್ಮ ಮುಖದ ಚಿತ್ರ ತೆಗೆಯುವುದು ಅವರಿಗೆ ಒಪ್ಪಿಗೆಯಿಲ್ಲ. ಅದು ಅಹಂಕಾರಕ್ಕೆ ದಾರಿಯೆಂದು ಅವರು ನಂಬುತ್ತಾರೆ,” ಎಂದಳು.

ಈ ಜನರ ಹೆಸರು ಆಮಿಶ್. ಇವರ ಕಥೆಯು ಐದು ಶತಮಾನಗಳಷ್ಟು ಹಿಂದಿನಿಂದ ಆರಂಭವಾಗುತ್ತದೆ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಕೆಲವು ಕ್ರೈಸ್ತರು ಒಂದು ಹೊಸ ಮಾತನ್ನಾಡಿದರು. ಏನೂ ಅರಿಯದ ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸುವುದು ಸಲ್ಲದು. ಪ್ರಾಯಕ್ಕೆ ಬಂದವನು ತಾನೇ ತಿಳಿದು, ತಾನೇ ಒಪ್ಪಿ ದೀಕ್ಷೆಯನ್ನು ಪಡೆಯಬೇಕು ಎಂಬುದೇ ಆ ಮಾತು. ಯುದ್ಧಮಾಡುವುದನ್ನೂ ಆಣೆಯಿಡುವುದನ್ನೂ ಅವರು ನಿರಾಕರಿಸಿದರು. ಅಂದಿನ ಅಧಿಕಾರಿಗಳಿಗೆ ಇದು ದೊಡ್ಡ ಅಪರಾಧವಾಗಿ ಕಂಡಿತು. ಅನೇಕರನ್ನು ನೀರಿನಲ್ಲಿ ಮುಳುಗಿಸಿ, ಬೆಂಕಿಯಲ್ಲಿ ಸುಟ್ಟು ಕೊಂದರು. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಗುರುವು ಇನ್ನೂ ಕಟ್ಟುನಿಟ್ಟಾದ ನಡೆಯನ್ನು ಬಯಸಿ ಬೇರೆಯಾದಾಗ, ಅವನನ್ನು ಅನುಸರಿಸಿದವರಿಗೆ ಆಮಿಶ್ ಎಂಬ ಹೆಸರು ಬಂದಿತು. ವಿಲಿಯಂ ಪೆನ್ ಎಂಬ ಮಹನೀಯನು ಎಲ್ಲ ಮತದವರಿಗೂ ಆಶ್ರಯವಿರಲೆಂದು ಸ್ಥಾಪಿಸಿದ ಪೆನ್ಸಿಲ್ವೇನಿಯಾಕ್ಕೆ ಇವರು ಹದಿನೆಂಟನೆಯ ಶತಮಾನದಲ್ಲಿ ಹಡಗುಗಳಲ್ಲಿ ಬಂದಿಳಿದರು. ಇಂದಿಗೂ ಮನೆಯಲ್ಲಿ ಇವರು ಆಡುವುದು ಜರ್ಮನ್ ನುಡಿಯ ಒಂದು ಹಳೆಯ ಪ್ರಭೇದವನ್ನು. ತಮ್ಮವರಲ್ಲದ ಎಲ್ಲರನ್ನೂ ‘ಇಂಗ್ಲಿಷರು’ ಎಂದು ಕರೆಯುವುದು ಇವರ ವಾಡಿಕೆ. ಆ ಲೆಕ್ಕದಲ್ಲಿ ನಾನೂ ಒಬ್ಬ ಇಂಗ್ಲಿಷನೇ ಆದೆನು!

ಆಮಿಶರು ಕಾರನ್ನು ಇಟ್ಟುಕೊಳ್ಳುವುದಿಲ್ಲ, ಮನೆಗೆ ವಿದ್ಯುತ್ ಕಂಬದಿಂದ ತಂತಿ ಎಳೆಸುವುದಿಲ್ಲ, ದೂರದರ್ಶನವಿಲ್ಲ. ಗಂಡಸರು ಮದುವೆಯಾದ ಮೇಲೆ ಗಡ್ಡ ಬಿಡುತ್ತಾರೆ, ಮೀಸೆ ಬಿಡುವುದಿಲ್ಲ. ಹೆಂಗಸರು ಒಂದೇ ಬಣ್ಣದ ಸಾದಾ ನಿಲುವಂಗಿಯನ್ನು ತೊಟ್ಟು ತಲೆಗೆ ಬಿಳಿಯ ಟೊಪ್ಪಿಗೆಯನ್ನು ಧರಿಸುತ್ತಾರೆ. ಇಷ್ಟನ್ನು ಮಾತ್ರ ಕಂಡವರು, ಇವರು ಕಾಲದ ಓಟದಲ್ಲಿ ಹಿಂದೆ ಉಳಿದುಬಿಟ್ಟ ಜನವೆಂದು ತೀರ್ಮಾನಿಸುವುದುಂಟು. ನಾನೂ ಹಾಗೆಯೇ ಎಣಿಸಿದ್ದೆನು. ಆ ಎಣಿಕೆಯು ತಪ್ಪೆಂದು ತಿಳಿದುದು ಮರುದಿನ.

ಬರ್ಡ್-ಇನ್-ಹ್ಯಾಂಡ್ ಎಂಬ ಹಳ್ಳಿಯ ಸಮೀಪದಲ್ಲಿ, ರಸ್ತೆಯ ಬದಿಗೆ, ಒಬ್ಬ ರೈತನು ಸ್ಟ್ರಾಬೆರಿ ಹಣ್ಣುಗಳನ್ನೂ ಮನೆಯಲ್ಲಿ ಮಾಡಿದ ಮುರಬ್ಬದ ಸೀಸೆಗಳನ್ನೂ ಮಾರಲು ಇಟ್ಟುಕೊಂಡಿದ್ದನು. ನಾವು ಹಣ್ಣು ಕೊಳ್ಳುತ್ತಿರುವಾಗ ಹನ್ನೆರಡು ವರ್ಷದ ಮೊಮ್ಮಗನು ಹಿಂದುಮುಂದು ನೋಡದೆ, “ನೀವು ಕಾರನ್ನು ಏಕೆ ಇಟ್ಟುಕೊಳ್ಳುವುದಿಲ್ಲ? ಅದು ಪಾಪವೇ?” ಎಂದು ಕೇಳಿಬಿಟ್ಟನು. ರೈತನು ನಕ್ಕನು. “ಕಾರು ಪಾಪವಲ್ಲ, ಮಗೂ. ಅಗತ್ಯ ಬಿದ್ದರೆ ಬಾಡಿಗೆಯ ಕಾರಿನಲ್ಲಿ ನಾನೂ ಆಸ್ಪತ್ರೆಗೆ ಹೋಗಿ ಬಂದಿದ್ದೇನೆ. ಆದರೆ ಮನೆಮನೆಗೂ ಕಾರು ಬಂದರೆ ನಾವೆಲ್ಲ ಒಬ್ಬರಿಂದೊಬ್ಬರು ಬಲು ದೂರ ಹೋಗಿಬಿಡುತ್ತೇವೆ,” ಎಂದನು. ಅವನ ಮಾತು ಅಷ್ಟೇ. ಆದರೆ ಆಮಿಶರ ಬಾಳಿನ ಗುಟ್ಟೆಲ್ಲ ಅದರಲ್ಲಿತ್ತು.

ಆ ಗುಟ್ಟನ್ನು ಸ್ವಲ್ಪ ಬಿಡಿಸಿ ನೋಡೋಣ. ಆಮಿಶರ ಒಂದೊಂದು ಸಭೆಯಲ್ಲಿಯೂ ಸುಮಾರು ಇಪ್ಪತ್ತೈದರಿಂದ ನಲವತ್ತು ಕುಟುಂಬಗಳಿರುತ್ತವೆ. ಇವರಿಗೆ ಚರ್ಚಿನ ಕಟ್ಟಡವಿಲ್ಲ. ಎರಡು ವಾರಗಳಿಗೊಮ್ಮೆ ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ. ಕುದುರೆಯ ಬಂಡಿಯು ಗಂಟೆಗೆ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ಆದುದರಿಂದ ಸಭೆಯವರೆಲ್ಲರೂ ಬಂಡಿಯ ಅಳವಿನೊಳಗೆ, ಹತ್ತಿರ ಹತ್ತಿರವೇ ವಾಸಿಸಬೇಕು. ಕುದುರೆಯ ವೇಗವೇ ಇವರ ನೆರೆಹೊರೆಯ ಎಲ್ಲೆ. ಪ್ರತಿಯೊಂದು ಸಭೆಗೂ ‘ಓರ್ಡ್‌ನುಂಗ್’ ಎಂಬ ಕಟ್ಟಳೆಯುಂಟು. ಉಡುಪು ಹೇಗಿರಬೇಕು, ಯಾವ ಯಂತ್ರವನ್ನು ಬಳಸಬಹುದು, ಯಾವುದನ್ನು ಬಳಸಬಾರದು ಎಂಬುದನ್ನು ಅದು ಹೇಳುತ್ತದೆ. ವರ್ಷಕ್ಕೆ ಎರಡು ಸಲ ಸಭೆಯು ಕುಳಿತು ಈ ಕಟ್ಟಳೆಯನ್ನು ನೆನೆದು, ಎಲ್ಲರ ಒಪ್ಪಿಗೆಯನ್ನು ಕೇಳುತ್ತದೆ.

ಹೊಸ ವಸ್ತುವೊಂದು ಬಂದಾಗ ನಾವು ಕೇಳುವ ಪ್ರಶ್ನೆಗಳು ಎರಡು: ಇದರ ಬೆಲೆಯೆಷ್ಟು? ಇದರಿಂದ ಎಷ್ಟು ಶ್ರಮ ಉಳಿಯುತ್ತದೆ? ಆಮಿಶರು ಮೂರನೆಯದೊಂದನ್ನು ಕೇಳುತ್ತಾರೆ: ಇದು ಬಂದರೆ ನಮ್ಮ ನಡುವೆ ಏನಾಗುತ್ತದೆ? ಲ್ಯಾಂಕಾಸ್ಟರಿನ ಆಮಿಶರು 1910ರ ಸುಮಾರಿನಲ್ಲಿ ಮನೆಯೊಳಗೆ ದೂರವಾಣಿಯು ಬೇಡವೆಂದು ನಿರ್ಧರಿಸಿದರು. ಮುಖ ನೋಡಿ ಮಾತನಾಡುವುದು ತಪ್ಪಿಹೋದೀತೆಂಬುದು ಅವರ ಅಂಜಿಕೆ. ಆದರೆ ವೈದ್ಯರನ್ನು ಕರೆಯಲು, ವ್ಯಾಪಾರ ನಡೆಸಲು ದೂರವಾಣಿ ಬೇಕಲ್ಲವೇ? ಅದಕ್ಕಾಗಿ ಹೊಲದ ಅಂಚಿನಲ್ಲಿ ಒಂದು ಸಣ್ಣ ಗೂಡನ್ನು ಕಟ್ಟಿ, ನಾಲ್ಕಾರು ಮನೆಗಳಿಗೆ ಒಂದು ದೂರವಾಣಿಯನ್ನು ಅದರಲ್ಲಿ ಇಟ್ಟರು. ಅವಶ್ಯಕತೆಗೆ ಅದು ಒದಗುತ್ತದೆ. ಊಟದ ನಡುವೆ ಬಂದು ಬಾಗಿಲು ಬಡಿಯುವುದಿಲ್ಲ. ಟ್ರ್ಯಾಕ್ಟರಿನ ಎಂಜಿನ್ನನ್ನು ಕೊಟ್ಟಿಗೆಯ ಬಳಿ ಯಂತ್ರ ತಿರುಗಿಸಲು ಬಳಸುತ್ತಾರೆ. ಆದರೆ ಹೊಲವನ್ನು ಉಳುವುದಕ್ಕೆ ಹೇಸರಗತ್ತೆಗಳೇ ಬೇಕು. ಟ್ರ್ಯಾಕ್ಟರು ಹೊಲಕ್ಕೆ ಇಳಿದರೆ ಒಬ್ಬನೇ ನೂರಾರು ಎಕರೆಯನ್ನು ನುಂಗಿಯಾನು, ನೆರೆಯವನ ಕೈ ಬೇಡವಾದೀತು, ನಾಳೆ ಅದೇ ಕಾರಿನ ಬದಲು ರಸ್ತೆಗೂ ಇಳಿದೀತು ಎಂಬ ಎಣಿಕೆ. ವಿದ್ಯುತ್ ತಂತಿಯನ್ನು ಬೇಡವೆಂದವರು ಬ್ಯಾಟರಿಯನ್ನು ಒಪ್ಪಿದ್ದಾರೆ. ಡೀಸೆಲ್ ಎಂಜಿನ್ನಿನಿಂದ ಗಾಳಿಯನ್ನು ಒತ್ತಿ ತುಂಬಿ, ಆ ಗಾಳಿಯ ಬಲದಿಂದಲೇ ಮರಗೆಲಸದ ಯಂತ್ರಗಳನ್ನು ನಡೆಸುತ್ತಾರೆ. ನಿಷೇಧವಿರುವುದು ಶಕ್ತಿಗೆ ಅಲ್ಲ; ಹೊರಜಗತ್ತನ್ನೆಲ್ಲ ಮನೆಯೊಳಕ್ಕೆ ತರುವ ತಂತಿಗೆ.

ಅಂದು ರಾತ್ರಿ ಇದಕ್ಕೆ ಒಂದು ವ್ಯಾಖ್ಯಾನವೇ ದೊರೆಯಿತು. ಗುಡುಗು ಮಿಂಚುಗಳೊಡನೆ ಮಳೆ ಸುರಿದು, ನಾವಿದ್ದ ಶಿಬಿರದ ವಿದ್ಯುತ್ತು ನಿಂತುಹೋಯಿತು. ತಂಪು ಗಾಳಿಯ ಯಂತ್ರವು ಸುಮ್ಮನಾಯಿತು. ಮೊಮ್ಮಗನ ಆಟವು ಪರದೆಯ ಮೇಲೆಯೇ ಸತ್ತಿತು. ಆದರೆ ಚಕ್ರದ ಮನೆಯೊಳಗಿನ ಸಣ್ಣ ದೀಪಗಳು ಬ್ಯಾಟರಿಯಿಂದ ಉರಿಯುತ್ತಲೇ ಇದ್ದವು. “ಮಾವ, ಹಾಲು ಕೆಡುವ ಯೋಚನೆಯಿಲ್ಲ. ಈ ಫ್ರಿಜ್ಜು ಗ್ಯಾಸಿನಿಂದಲೂ ನಡೆಯುತ್ತದೆ. ಆಮಿಶರ ಮನೆಗಳಲ್ಲಿರುವುದೂ ಇಂತಹುದೇ,” ಎಂದರು ಅಳಿಯಂದಿರು. ಮಳೆ ನಿಂತ ಮೇಲೆ ಸೆಕೆ ತಾಳಲಾರದೆ ನಾವೆಲ್ಲರೂ ಕುರ್ಚಿಗಳನ್ನು ಹೊರಗೆ ಹಾಕಿಕೊಂಡು ಕುಳಿತೆವು. ಹುಲ್ಲಿನ ಮೇಲೆ ಸಾವಿರಾರು ಮಿಂಚುಹುಳುಗಳು. ಹೊಲದಾಚೆಯ ಆಮಿಶರ ಮನೆಯ ಕಿಟಕಿಯಲ್ಲಿ ಒಂದು ದೀಪ. ವಿದ್ಯುತ್ತು ಹೋದುದು ಆ ಮನೆಗೆ ತಿಳಿದೇ ಇರಲಿಲ್ಲ. “ತಾತ, ನೀವು ಚಿಕ್ಕವರಾಗಿದ್ದಾಗ ರಾತ್ರಿ ಏನು ಮಾಡುತ್ತಿದ್ದಿರಿ?” ಎಂದು ಮೊಮ್ಮಗನು ಕೇಳಿದನು. ನಾನು ಅಮೆರಿಕಕ್ಕೆ ಬಂದು ಮೂರು ವಾರಗಳಾಗಿದ್ದವು. ಅವನು ನನ್ನನ್ನು ಕೇಳಿದ ಮೊದಲನೆಯ ಪ್ರಶ್ನೆ ಅದು.

ಇನ್ನೊಂದು ಸಂಗತಿಯನ್ನು ಕೇಳಿ ನಾನು ಮತ್ತಷ್ಟು ಬೆರಗಾದೆನು. ಅಮೆರಿಕದ ಇಂತಹ ವಿಹಾರ ವಾಹನಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ಸಂಸ್ಥಾನದ ಎಲ್ಕ್‌ಹಾರ್ಟ್ ಎಂಬ ಪ್ರದೇಶದಲ್ಲಿ. ಅಲ್ಲಿಯೂ ಆಮಿಶರ ದೊಡ್ಡ ನೆಲೆಯಿದೆ. ಹೊಲಗಳ ಬೆಲೆ ಏರಿ, ಎಲ್ಲ ಮಕ್ಕಳಿಗೂ ಭೂಮಿ ಸಾಲದಾದಾಗ ಅಲ್ಲಿನ ಎಷ್ಟೋ ಮಂದಿ ಆಮಿಶ್ ಗಂಡಸರು ಈ ಕಾರ್ಖಾನೆಗಳನ್ನು ಸೇರಿದರು. ತಾವು ಎಂದೂ ಕೊಳ್ಳಲಾರದ ಚಕ್ರದ ಮನೆಗಳಿಗೆ ಗೋಡೆ ಜೋಡಿಸುವವರು, ಕಪಾಟು ಕೂಡಿಸುವವರು ಅವರೇ. ನಾವು ಮಲಗಿದ್ದ ಮಂಚಕ್ಕೂ ಅಂತಹ ಒಬ್ಬನ ಕೈ ತಾಗಿದ್ದೀತು. ಹೀಗೆ ಎರಡು ಲೋಕಗಳೂ ಹೊರಗೆ ಕಾಣುವಷ್ಟು ದೂರವಿಲ್ಲ. ಲೋಕದ ಒತ್ತಡವು ಆಮಿಶರನ್ನೂ ಬಿಟ್ಟಿಲ್ಲ. ಅದಕ್ಕೆ ಎಷ್ಟು ಬಾಗಬೇಕೆಂಬುದನ್ನು ಅವರು ಕುಳಿತು ಯೋಚಿಸುತ್ತಾರೆ, ಅಷ್ಟೇ.

ಒಬ್ಬರಿಂದೊಬ್ಬರು ದೂರ ಹೋಗದಿರುವುದರ ಫಲವೇನು? ಒಬ್ಬನ ಕಣಜದ ಮನೆಯು ಬೆಂಕಿಗೆ ಸಿಕ್ಕಿ ಸುಟ್ಟುಹೋದರೆ ನೂರಾರು ಜನ ಒಟ್ಟುಗೂಡಿ, ಕೂಲಿಯಿಲ್ಲದೆ, ಬಹುಬೇಗನೆ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇವರು ವಿಮೆ ಮಾಡಿಸುವುದಿಲ್ಲ, ನೆರೆಯವರೇ ವಿಮೆ. ಸರ್ಕಾರದ ವೃದ್ಧಾಪ್ಯ ವೇತನವೂ ಬೇಡ, ಅದಕ್ಕಾಗಿ ತೆರುವ ತೆರಿಗೆಯೂ ಬೇಡವೆಂದು ಕೇಳಿ 1965ರಲ್ಲಿ ಕಾನೂನಿನ ವಿನಾಯಿತಿಯನ್ನು ಪಡೆದರು. ಮುಪ್ಪಿನವರು ಮಗನ ಮನೆಗೆ ಅಂಟಿಕೊಂಡ ಪುಟ್ಟ ಮನೆಯಲ್ಲಿ, ಮೊಮ್ಮಕ್ಕಳ ನಡುವೆ ಬಾಳುತ್ತಾರೆ.

ಈ ಬಾಂಧವ್ಯವು ಅತಿ ಕಠಿನವಾದ ಪರೀಕ್ಷೆಗೆ ಒಳಗಾದುದು 2006ರ ಅಕ್ಟೋಬರ್ 2ರಂದು. ಇದೇ ಜಿಲ್ಲೆಯ ನಿಕೆಲ್ ಮೈನ್ಸ್ ಎಂಬಲ್ಲಿ, ಆಮಿಶರವನಲ್ಲದ ಒಬ್ಬ ಬಂದೂಕುಧಾರಿಯು ಅವರ ಶಾಲೆಯೊಂದಕ್ಕೆ ನುಗ್ಗಿ ಹತ್ತು ಮಂದಿ ಹುಡುಗಿಯರಿಗೆ ಗುಂಡಿಕ್ಕಿದನು. ಬಳಿಕ ತಾನೂ ಸತ್ತನು. ಐವರು ಹುಡುಗಿಯರು ಮೃತಪಟ್ಟರು. ಆ ದಿನ ಮುಗಿಯುವುದರೊಳಗೆ ಆಮಿಶ್ ಹಿರಿಯರು ಆ ಕೊಲೆಗಾರನ ಮನೆಯವರ ಬಳಿಗೆ ಹೋಗಿ, ತಮಗೆ ಅವರ ಮೇಲೆ ದ್ವೇಷವಿಲ್ಲವೆಂದು ಹೇಳಿದರು. ಮಕ್ಕಳನ್ನು ಕಳೆದುಕೊಂಡವರೇ ಅವನ ಶವಸಂಸ್ಕಾರಕ್ಕೂ ಹೋದರು. ಹಳೆಯ ಶಾಲೆಯನ್ನು ಕೆಡವಿ ಆ ನೆಲವನ್ನು ಹುಲ್ಲುಗಾವಲು ಮಾಡಿದರು. ಮರುವರ್ಷ ಬೇರೊಂದು ಕಡೆ ಹೊಸ ಶಾಲೆಯನ್ನು ಕಟ್ಟಿದರು. ದುಃಖವನ್ನು ಒಬ್ಬಂಟಿಯಾಗಿ ಹೊರುವವನಿಗೆ ಇಂತಹ ಕ್ಷಮೆಯು ಸಾಧ್ಯವಾಗುತ್ತಿತ್ತೇ ಎಂದು ನಾನು ಯೋಚಿಸಿದ್ದೇನೆ.

ಶಾಲೆಯ ಮಾತು ಬಂದುದರಿಂದ, ನಿಮಗೆ ಹತ್ತಿರವಾದ ಒಂದು ವಿಷಯವನ್ನು ಹೇಳಲೇಬೇಕು. ಸ್ಟ್ರಾಸ್‌ಬರ್ಗ್ ಊರಿನ ದಾರಿಯಲ್ಲಿ ನಾನು ಒಂದು ಆಮಿಶ್ ಶಾಲೆಯನ್ನು ಬೇಲಿಯ ಹೊರಗೆ ನಿಂತು ನೋಡಿದೆನು. ಬೇಸಗೆಯ ರಜೆಯಾದುದರಿಂದ ಬೀಗ ಹಾಕಿತ್ತು. ಒಂದೇ ಕೋಣೆ, ಮಾಡಿನ ಮೇಲೊಂದು ಗಂಟೆ, ಮುಂದೆ ಚೆಂಡಾಟದ ಬಯಲು. ಆ ಒಂದು ಕೋಣೆಯಲ್ಲಿ ಎಂಟು ತರಗತಿಗಳು. ಪಾಠ ಹೇಳುವವಳು ಸಾಮಾನ್ಯವಾಗಿ ಮದುವೆಯಾಗದ ಒಬ್ಬ ತರುಣಿ. ಅವಳೂ ಓದಿರುವುದು ಎಂಟನೆಯ ತರಗತಿಯವರೆಗೇ. ಏಕೆಂದರೆ ಆಮಿಶ್ ಮಕ್ಕಳ ಶಾಲೆಯು ಅಲ್ಲಿಗೆ ಮುಗಿಯುತ್ತದೆ. ವಿದ್ಯಾರ್ಥಿಗಳೇ, ನೀವು ಈಗ ಕುಳಿತಿರುವ ತರಗತಿಯ ಬಾಗಿಲು ಅವರಿಗಿಲ್ಲ.

ಇದರ ಬಗೆಗೆ ಅಮೆರಿಕದಲ್ಲಿ ದೊಡ್ಡ ವಿವಾದವೇ ನಡೆಯಿತು. ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಹದಿನಾರು ವರ್ಷದವರೆಗೆ ಶಿಕ್ಷಣವು ಕಡ್ಡಾಯವಾಗಿತ್ತು. ಎಂಟನೆಯ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳುಹಿಸದ ಮೂವರು ತಂದೆಯರಿಗೆ ತಲಾ ಐದು ಡಾಲರ್ ದಂಡ ಬಿದ್ದಿತು. ಮೊಕದ್ದಮೆಯು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1972ರಲ್ಲಿ ನ್ಯಾಯಾಲಯವು ಆ ತಂದೆಯರ ಪರವಾಗಿ ತೀರ್ಪಿತ್ತಿತು: ಅವರ ಧರ್ಮವೂ ಬಾಳುವೆಯೂ ಒಂದೇ ಆಗಿರುವುದರಿಂದ ಸರ್ಕಾರವು ಒತ್ತಾಯ ಮಾಡಕೂಡದು. ಆದರೆ ಡಗ್ಲಸ್ ಎಂಬ ನ್ಯಾಯಾಧೀಶರು ಒಂದು ಅಂಶದಲ್ಲಿ ಭಿನ್ನಮತವನ್ನು ಬರೆದರು. ತಂದೆಯ ಹಕ್ಕನ್ನು ಕೇಳಿದ್ದಾಯಿತು, ಮಗುವಿನ ಇಚ್ಛೆಯನ್ನು ಕೇಳಬೇಡವೇ ಎಂಬುದು ಅವರ ಪ್ರಶ್ನೆಯಾಗಿತ್ತು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನು. ಏಳನೆಯ ತರಗತಿಗೋ ಎಂಟನೆಯ ತರಗತಿಗೋ ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರಲು ಅವರ ಮನೆಗಳ ಜಗಲಿಯ ಮೇಲೆ ಕುಳಿತವನು. ಒಬ್ಬ ಹುಡುಗಿಯು ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದು, ಅವಳ ತಂದೆಯು ಆಗದೆಂದಾಗ ಒಳಗೆ ಸರಿದುಹೋದುದು ಇಂದಿಗೂ ನೆನಪಿದೆ. ಆಮಿಶ್ ಮಗುವಿನ ಕೈಗೆ ಕಸುಬಿದೆ, ಬೆನ್ನಿಗೆ ಬಂಧುಗಳಿದ್ದಾರೆ. ಆ ಹುಡುಗಿಗೆ ಅದೂ ಇರಲಿಲ್ಲ. ಈ ಭೇದವನ್ನು ನಾನು ಬಲ್ಲೆ. ಆದರೂ ಬೀಗ ಹಾಕಿದ ಆ ಶಾಲೆಯ ಮುಂದೆ ನನ್ನ ಮನಸ್ಸು ಡಗ್ಲಸರ ಕಡೆಗೇ ವಾಲಿತು. ವೈದ್ಯಳಾಗಬೇಕೆಂದು, ನಕ್ಷತ್ರಗಳನ್ನು ತಿಳಿಯಬೇಕೆಂದು ಬಯಸುವ ಮಗುವು ಅಲ್ಲಿಯೂ ಹುಟ್ಟುತ್ತದೆ. ಅದು ಹೊರಗೆ ಹೋಗಬಹುದು, ಯಾರೂ ಕಟ್ಟಿಹಾಕುವುದಿಲ್ಲ. ಆದರೆ ದೀಕ್ಷೆ ಪಡೆದ ಮೇಲೆ ಬಿಟ್ಟುಹೋದವರನ್ನು ಸಭೆಯು ಬಹಿಷ್ಕರಿಸುತ್ತದೆ. ಹೆತ್ತವರೊಡನೆ ಒಂದೇ ಮೇಜಿನಲ್ಲಿ ಉಣ್ಣುವುದೂ ತಪ್ಪಬಹುದು. ಅಷ್ಟು ಬೆಚ್ಚನೆಯ ಮನೆಯ ಬೆಲೆ ಅಷ್ಟು ದೊಡ್ಡದು. ಹಾಗಿದ್ದೂ ಅವರ ಮಕ್ಕಳಲ್ಲಿ ಬಹುಪಾಲು ಜನ ಪ್ರಾಯಕ್ಕೆ ಬಂದಾಗ ಆ ದೀಕ್ಷೆಯನ್ನು ತಾವಾಗಿ ಪಡೆಯುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಕೆಲವೇ ಸಾವಿರವಿದ್ದ ಆಮಿಶರ ಸಂಖ್ಯೆಯು ಇಂದು ನಾಲ್ಕು ಲಕ್ಷವನ್ನು ಮುಟ್ಟಿದೆ.

ಮೂರನೆಯ ದಿನ ನಾವು ತಂತಿಯನ್ನೂ ಕೊಳವೆಗಳನ್ನೂ ಬಿಚ್ಚಿ ಸುತ್ತಿಟ್ಟು ಹೊರಟೆವು. ದಾರಿಯಲ್ಲಿ ಮತ್ತೊಂದು ಬಂಡಿಯು ಎದುರಾಯಿತು. ಈ ಸಲ ಮೊಮ್ಮಗನು ಫೋನನ್ನು ಎತ್ತಲಿಲ್ಲ, ಕೈ ಎತ್ತಿದನು. ಬಂಡಿಯವನೂ ಕೈ ಎತ್ತಿದನು.

ಆಮಿಶರಂತೆ ಬಾಳಿರೆಂದು ನಾನು ನಿಮಗೆ ಹೇಳುವುದಿಲ್ಲ. ಹಾಗೆ ಬಾಳಲು ನನ್ನಿಂದಲೂ ಆಗದು. ಎಂಟನೆಯ ತರಗತಿಯನ್ನು ದಾಟಿ ಬಂದ ನಿಮ್ಮ ಮುಂದೆ ಹಾದಿಗಳು ಹಲವಿವೆ, ವಸ್ತುಗಳು ಅದಕ್ಕಿಂತಲೂ ಹೆಚ್ಚಾಗಿವೆ. ನಾಳೆ ಇನ್ನಷ್ಟು ಬರುತ್ತವೆ. ಅವು ಬಂದಾಗ ಬೆಲೆಯನ್ನು ಕೇಳಿರಿ, ಅನುಕೂಲವನ್ನು ಕೇಳಿರಿ. ಕೊಳ್ಳುವ ಮುನ್ನ ಆ ಸ್ಟ್ರಾಬೆರಿ ಮಾರುವವನನ್ನು ಒಮ್ಮೆ ನೆನೆದು, ಮೂರನೆಯ ಪ್ರಶ್ನೆಯನ್ನೂ ಕೇಳಿರಿ. ಉತ್ತರವು ನಿಮ್ಮದೇ ಆಗಿರಲಿ.